ಮೆಟ್ಟಿಲಿಗೆ ಕಬ್ಬಿಣ ಹಾಕಿದ್ದಾರಂತೆ, ಎಲ್ಲಿ ಹಾಕಿದ್ದಾರೆ?

ದಾವಣಗೆರೆಯ ಯಾವುದಾದರೂ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಶಾಮನೂರು ರಸ್ತೆ ಕಡೆ ಆದೀತು, ಹದಡಿ ರಸ್ತೆ ಕಡೆ ಆದೀತು. ಮನೆಗಳು ಒಂದನ್ನೊಂದು ಮೀರಿಸುವಂತಿವೆ. ತೇಗದ ಬಾಗಿಲು, ಗ್ರಾನೈಟ್ ಹೊಸ್ತಿಲು, ಕಾಂಪೌಂಡಿನೊಳಗೆ ಅಂಗೈಯಗಲ ಕೈತೋಟ, ನಾಲ್ಕು ದಾಸವಾಳ, ಒಂದು ತೆಂಗಿನ ಸಸಿ. ಎಲ್ಲ ಸರಿ. ಆ ಕೈತೋಟದಿಂದ ಮನೆಗೆ ಹತ್ತುವ ನಾಲ್ಕು ಮೆಟ್ಟಿಲನ್ನು ಮಾತ್ರ ಸ್ವಲ್ಪ ಬಗ್ಗಿ ನೋಡಿ. ಮನೆಯ ಗೋಡೆಗೂ ಮೆಟ್ಟಿಲಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಕೆಳಗಿನ ಮೆಟ್ಟಿಲು ತೆಂಗಿನ ಸಸಿಯ ಕಡೆಗೆ ವಾಲಿದೆ. ಮೂಲೆ ಒಡೆದು, ಒಳಗಿನ ಕಂಬಿ ತುಕ್ಕು ಹಿಡಿದು ಹಲ್ಲು ಕಿರಿಯುತ್ತಿದೆ. ಗೃಹಪ್ರವೇಶವಾಗಿ ಮೂರು ಮಳೆಗಾಲವೂ ಕಳೆದಿರುವುದಿಲ್ಲ!

ಹರಿಹರದ ಕಥೆಯೂ ಬೇರೆಯಲ್ಲ. ಹದಿನಾಲ್ಕು ಕಿಲೋಮೀಟರ್ ಆಚೆ ಹೋದ ಮಾತ್ರಕ್ಕೆ ಕೆಲಸದ ರೀತಿ ಬದಲಾಗುತ್ತದೆಯೇ?

ಮನೆಯ ಯಜಮಾನರನ್ನು ಕೇಳಿದರೆ, "ಕಬ್ಬಿಣ ಹಾಕ್ಸಿದ್ನಲ್ಲ ಸ್ವಾಮಿ, ಆದ್ರೂ ಯಾಕ್ ಬಿರುಕು ಬಿಡ್ತು?" ಎನ್ನುತ್ತಾರೆ. ಗೌಂಡಿಯನ್ನು ಕೇಳಿದರೆ, "ಕಂಬಿ ಹಾಕೀವ್ರೀ ಯಜಮಾನ್ರೇ, ನೆಲ ಕೂತ್ರೆ ನಾವೇನ್ ಮಾಡೋಣ?" ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಕಬ್ಬಿಣ ಹಾಕಿದ್ದೂ ನಿಜ, ನೆಲ ಕೂತದ್ದೂ ನಿಜ. ಆದರೆ ಇಬ್ಬರೂ ಕೇಳದ ಪ್ರಶ್ನೆ ಒಂದುಂಟು. ಕಬ್ಬಿಣವನ್ನು ಎಲ್ಲಿ ಹಾಕಿದಿರಿ, ಯಾವುದರ ಮೇಲೆ ಹಾಕಿದಿರಿ? ಕಂಬಿ ಎಂಬುದು ಮಗುವಿನ ಸೊಂಟಕ್ಕೆ ಕಟ್ಟುವ ತಾಯಿತವಲ್ಲ, ಎಲ್ಲೋ ಒಂದು ಕಡೆ ಇದ್ದರೆ ಸಾಕು, ಕಾಯುತ್ತದೆ ಎನ್ನಲಿಕ್ಕೆ.

ಮೆಟ್ಟಿಲಿನ ಕೆಲಸ ಬರುವುದೇ ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಬ್ಯಾಂಕಿನ ಸಾಲದ ಹಣ ಖಾಲಿ. ಗೃಹಪ್ರವೇಶದ ಪತ್ರಿಕೆ ಹಂಚಿ ಆಗಿರುತ್ತದೆ. ಎಂಜಿನಿಯರ್ ಸಾಹೇಬರು ಇನ್ನೊಂದು ಸೈಟಿಗೆ ಹೊರಟುಹೋಗಿರುತ್ತಾರೆ. ಮನೆಯ ನಕ್ಷೆಯಲ್ಲಿ ಮೆಟ್ಟಿಲಿಗೆ ಅಂತ ಎಳೆದದ್ದು ನಾಲ್ಕು ಗೆರೆ ಮಾತ್ರ. ಉಳಿದ ಮರಳು, ಉಳಿದ ಜಲ್ಲಿ, ಆರು ತಿಂಗಳು ಮಳೆಯಲ್ಲಿ ನೆನೆದ ಕಂಬಿಯ ತುಂಡು, ಅರ್ಧ ಗಂಟು ಕಟ್ಟಿದ ಸಿಮೆಂಟು ಎಲ್ಲ ಮೂಲೆಯಲ್ಲಿ ಕಾದಿರುತ್ತವೆ. ಪಾಯ ತೋಡಿದಾಗ ಬಂದ ಎರೆ ಮಣ್ಣೂ ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ಅದನ್ನೇ ಒಡಕು ಇಟ್ಟಿಗೆ ಜೊತೆ ತುಂಬಿ, ನಾಲ್ಕು ಕೊಡ ನೀರು ಹೊಯ್ದು, ಮೇಲೆ ಕಾಂಕ್ರೀಟ್ ಸುರಿದರೆ ಒಂದು ದಿನದ ಕೆಲಸ. ಮರುದಿನ ಗ್ರಾನೈಟ್, ಅದರ ಮರುದಿನ ಹೋಮ.

ಇಲ್ಲೇ ಎಡವಟ್ಟು. ನಮ್ಮೂರಿನ ಸುತ್ತಲಿನ ನೆಲ ಎಂಥದು? ಒಂದು ಕಾಲಕ್ಕೆ ಹತ್ತಿ ಬೆಳೆದ ಎರೆ ಹೊಲ. ಭದ್ರಾ ನಾಲೆ ಬಂದ ಮೇಲೆ ಭತ್ತದ ಗದ್ದೆ. ಈಗ ಸೈಟು! ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ರೈತನಿಗೆ ಇದು ಹೊಸದಲ್ಲ; ಬೇಸಿಗೆಯಲ್ಲಿ ಬಿರುಕಿಗೆ ಎತ್ತಿನ ಕಾಲು ಸಿಕ್ಕೀತೆಂದು ಹೆದರಿದವನು ಅವನು. ಮನೆಯ ಪಾಯವನ್ನೇನೋ ಗಟ್ಟಿ ನೆಲ ಸಿಗುವ ತನಕ ತೋಡಿ ಹಾಕುತ್ತಾರೆ. ಮೆಟ್ಟಿಲು ಮಾತ್ರ ಮೇಲ್ಮಣ್ಣಿನ ಮೇಲೆಯೇ ಕೂರುತ್ತದೆ. ಮನೆ ನಿಂತಲ್ಲೇ ನಿಲ್ಲುತ್ತದೆ, ಮೆಟ್ಟಿಲು ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಸಾಲದ್ದಕ್ಕೆ ಪಕ್ಕದಲ್ಲಿ ಕೈತೋಟ. ಗಿಡಕ್ಕೆ ದಿನವೂ ಪೈಪಿನಲ್ಲಿ ನೀರು ಬಿಟ್ಟರೆ ಆ ಬದಿಯ ಮಣ್ಣು ಹಸಿ, ಕಾರು ನಿಲ್ಲಿಸುವ ಬದಿಯದು ಒಣ. ಮೆಟ್ಟಿಲು ವಾಲದೆ ಏನು ಮಾಡೀತು?

ಇದಕ್ಕೆ ಕಬ್ಬಿಣ ಮದ್ದಲ್ಲ. ಮದ್ದು ಇರುವುದು ಗುದ್ದಲಿಯಲ್ಲಿ. ಮೆಟ್ಟಿಲು ಬರುವ ಜಾಗದ ಎರೆ ಮಣ್ಣನ್ನು ಕನಿಷ್ಠ ಎರಡು ಅಡಿಯಾದರೂ ತೆಗೆದು ಬಿಸಾಡಿ, ಗರಸು ತರಿಸಿ, ಆರಾರು ಇಂಚಿಗೆ ಒಂದು ಪದರದಂತೆ ನೀರು ಚಿಮುಕಿಸಿ ದಿಮ್ಮಸು ಹೊಡೆಸಬೇಕು. ಒಂದು ಟ್ರ್ಯಾಕ್ಟರ್ ಗರಸು, ಇಬ್ಬರು ಆಳು, ಒಂದು ದಿನ. ಮೇಲೆ ಹಾಕುವ ಗ್ರಾನೈಟಿನ ಖರ್ಚಿನ ಮುಂದೆ ಇದು ಯಾವ ಲೆಕ್ಕ?

ಹಾಗಾದರೆ ಕಬ್ಬಿಣ ಬೇಡವೇ? ಬೇಕು. ಏಕೆ ಬೇಕೆಂದು ತಿಳಿದು ಹಾಕಬೇಕು.

ತಮಾಷೆ ಎಂದರೆ ಕಾಂಕ್ರೀಟಿನೊಳಗೆ ಕಬ್ಬಿಣ ಸೇರಿಸುವ ವಿದ್ಯೆ ಲೋಕದಲ್ಲಿ ಹಬ್ಬಿದ್ದರಲ್ಲಿ ಕೈತೋಟದ ಪಾಲು ದೊಡ್ಡದು. ಫ್ರಾನ್ಸಿನ ಜೋಸೆಫ್ ಮೋನಿಯೆ ಎಂಬಾತ ಎಂಜಿನಿಯರ್ ಅಲ್ಲ, ತೋಟದ ಮಾಲಿ. ಗಿಡ ನೆಡುವ ಸಿಮೆಂಟಿನ ತೊಟ್ಟಿಗಳು ಒಡೆಯದಿರಲೆಂದು ಒಳಗೆ ಕಬ್ಬಿಣದ ಬಲೆ ಇಟ್ಟು, 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮರುವರ್ಷ, ಅಂದರೆ 1868ರಲ್ಲಿ, ಇತ್ತ ನಮ್ಮ ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಯ ಕಮಾನು ಸೇತುವೆ ಮುಗಿಯಿತು. ಆ ಕಮಾನುಗಳಿಗೆ ಕಾಂಕ್ರೀಟಿನ ಕಂಬಿ ಬೇಕಾಗಲಿಲ್ಲ. ಕಮಾನಿನಲ್ಲಿ ಕಲ್ಲಿಗೆ ಕಲ್ಲು ಒತ್ತಿಕೊಂಡೇ ಭಾರ ಹೊರುತ್ತದೆ, ಎಳೆತದ ಪ್ರಶ್ನೆ ಬರುವುದಿಲ್ಲ. ಅದಕ್ಕೂ ಆರು ಶತಮಾನ ಹಿಂದೆ, ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಲ್ಲು ಕೆಲಸವೂ ಅಷ್ಟೆ. ದಪ್ಪ ಕಲ್ಲು, ಗಟ್ಟಿ ಬುಡ, ಮೇಲಿಂದ ಒತ್ತುವ ಭಾರ.

ಕಾಂಕ್ರೀಟಿನ ಗುಣವೂ ಕಲ್ಲಿನದೇ. ಒತ್ತಿದರೆ ಗಟ್ಟಿ, ಎಳೆದರೆ ದುರ್ಬಲ. ಒಂದು ಖಡಕ್ ರೊಟ್ಟಿಯನ್ನು ಎರಡು ಅಂಚು ಹಿಡಿದು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಮೊದಲು ಹುಟ್ಟುವುದು ಕೆಳಮೈಯಲ್ಲಿ, ಎಳೆತ ಅಲ್ಲಿದೆ. ಕಂಬಿಯೂ ಅಲ್ಲೇ ಇರಬೇಕು. ಈಗ ಅದೇ ರೊಟ್ಟಿಯ ಒಂದೇ ಅಂಚು ಹಿಡಿದು ಇನ್ನೊಂದು ಅಂಚನ್ನು ಕೆಳಕ್ಕೆ ಅದುಮಿ. ಬಿರುಕು ಮೇಲ್ಮೈಯಲ್ಲಿ. ಸಜ್ಜಾ ಕಟ್ಟುವಾಗ ಕಂಬಿ ಮೇಲ್ಗಡೆ ಇರಬೇಕೆನ್ನುವುದು ಇದಕ್ಕೇ. ಕಾಂಕ್ರೀಟ್ ಸುರಿಯುವಾಗ ಆಳು ಮೇಲೆ ನಡೆದಾಡಿ ಆ ಕಂಬಿ ತಳಕ್ಕೆ ಕುಸಿದರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಸಜ್ಜಾ ಕೆಳಗೆ ಬರುತ್ತದೆ.

ನಮ್ಮ ತೋಟದ ಮೆಟ್ಟಿಲಿನ ದುರಂತ ಇಷ್ಟೇ. ಕಟ್ಟುವಾಗ ಅದು ನೆಲದ ಮೇಲೆ ಕೂತ ಮೆಟ್ಟಿಲು. ಗೌಂಡಿ "ಗಟ್ಟಿ ಇರ್ಲಿ" ಅಂತ ಮನೆಯ ಪ್ಲಿಂತ್ ಗೋಡೆಗೆ ತೂತು ಹೊಡೆದು ನಾಲ್ಕು ಕಂಬಿ ಸಿಗಿಸುತ್ತಾನೆ. ಮುಂದೆ ಬೇಸಿಗೆಯಲ್ಲಿ ಕೆಳಗಿನ ಮಣ್ಣು ಕುಗ್ಗಿ ಪೊಳ್ಳಾಗುತ್ತದೆ. ಆಗ ಆ ಮೆಟ್ಟಿಲು ಯಾರಿಗೂ ಹೇಳದೆ ಸಜ್ಜಾ ಆಗಿಬಿಡುತ್ತದೆ! ಮೇಲ್ಗಡೆ ಬೇಕಿದ್ದ ಕಂಬಿ ತಳದಲ್ಲಿ ಮಣ್ಣಿಗೆ ಅಂಟಿ ಮಲಗಿದೆ. ಮಳೆಗಾಲದಲ್ಲಿ ಮಣ್ಣು ಉಬ್ಬಿ ಕೆಳಗಿನಿಂದ ದೂಡಿದರೆ ಎಳೆತದ ಜಾಗವೂ ಬದಲಾಗುತ್ತದೆ. ಅತ್ತ ಮನೆಗೆ ಕಟ್ಟಿದ್ದಾರೆ, ಇತ್ತ ನೆಲ ಎಳೆಯುತ್ತದೆ. ಹರಿಯುವುದು ಗೋಡೆಯ ಬುಡದಲ್ಲೇ.

ಆದ್ದರಿಂದ ಮೊದಲು ಒಂದು ತೀರ್ಮಾನ ಮಾಡಬೇಕು. ಮೆಟ್ಟಿಲು ನೆಲದ್ದೋ, ಮನೆಯದ್ದೋ? ನೆಲದ್ದಾದರೆ ಮನೆಯ ಗೋಡೆಗೂ ಅದಕ್ಕೂ ಸಂಬಂಧವೇ ಬೇಡ. ನಡುವೆ ಅರ್ಧ ಇಂಚು ದಪ್ಪದ ಥರ್ಮೋಕೋಲ್ ಹಾಳೆ ಇಟ್ಟು ಕಾಂಕ್ರೀಟ್ ಹಾಕಿ, ಆಮೇಲೆ ಆ ಸಂದನ್ನು ಡಾಂಬರಿನಿಂದಲೋ ಸೀಲೆಂಟಿನಿಂದಲೋ ಮುಚ್ಚಿದರೆ ಮುಗಿಯಿತು. ಮೆಟ್ಟಿಲು ಒಂದು ಕೂದಲೆಳೆ ಏರಿಳಿದರೂ ಯಾರ ಗಂಟೂ ಹೋಗುವುದಿಲ್ಲ. ಇಂಥ ಮೆಟ್ಟಿಲಿಗೆ 8 ಮಿ.ಮೀ. ಕಂಬಿಯ ಒಂದು ಬಲೆ ಸಾಕು. ಅದೂ ಮೇಲ್ಮೈಗೆ ಹತ್ತಿರದಲ್ಲಿ. ಕಬ್ಬಿಣ ಹಾಕಿದರೆ ಬಿರುಕೇ ಬರುವುದಿಲ್ಲ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಒಣಗುವಾಗ ಕಾಂಕ್ರೀಟ್ ಕುಗ್ಗುತ್ತದೆ, ಬಿರಿಯುತ್ತದೆ. ಕಂಬಿಯ ಕೆಲಸ ಆ ಬಿರುಕು ಬಾಯಿ ಬಿಡದಂತೆ ಹಿಡಿದಿಡುವುದು. ಹೊಲಿಗೆ ಹಾಕಿದಂತೆ ಅನ್ನಿ.

ಮೆಟ್ಟಿಲು ಮನೆಯದ್ದೇ ಆಗಬೇಕೆಂದರೆ ಅದಕ್ಕೆ ಕೆಳಗಿನ ಮಣ್ಣಿನ ಹಂಗೇ ಇರಬಾರದು. ಕೆಳತುದಿಗೆ ಗಟ್ಟಿ ನೆಲದ ತನಕ ಇಳಿದ ಸಣ್ಣ ಪಾಯ, ಮೇಲ್ತುದಿಗೆ ಮನೆಯ ಆಸರೆ, ನಡುವೆ ಇಳಿಜಾರು ಚಪ್ಪಡಿ. ಎರಡು ಅಡಿ ಎತ್ತರದ ಪ್ಲಿಂತಿಗೆ ನಾಲ್ಕು ಅಡಿ ಅಗಲದ ಮೆಟ್ಟಿಲು ಎಂದಿಟ್ಟುಕೊಳ್ಳಿ. ಐದು ಇಂಚು ದಪ್ಪದ ಚಪ್ಪಡಿಯ ತಳದಲ್ಲಿ 10 ಮಿ.ಮೀ. ಕಂಬಿ ಆರೂವರೆ ಇಂಚಿಗೊಂದರಂತೆ ಎಂಟು, ಅದರ ಮೇಲೆ ಅಡ್ಡಕ್ಕೆ 8 ಮಿ.ಮೀ. ಕಂಬಿ ಒಂಬತ್ತು ಇಂಚಿಗೊಂದು. 10 ಮಿ.ಮೀ. ಕಂಬಿ ಮೀಟರಿಗೆ 617 ಗ್ರಾಂ, 8 ಮಿ.ಮೀ.ದು 395 ಗ್ರಾಂ ತೂಗುತ್ತದೆ. ಮೂಲೆಯ ಹೆಚ್ಚುವರಿ ತುಂಡುಗಳೂ ಸೇರಿ 30 ಕಿಲೋ ದಾಟದು. ಟನ್ನುಗಟ್ಟಲೆ ಕಬ್ಬಿಣ ನುಂಗಿದ ಮನೆಗೆ 30 ಕಿಲೋ ಭಾರವಾಯಿತೇ? ಇದು ಅಂದಾಜಿಗೆ ಹೇಳಿದ ಲೆಕ್ಕ. ನಿಮ್ಮ ಮನೆಯದ್ದನ್ನು ನಿಮ್ಮ ಎಂಜಿನಿಯರ್ ಹಾಕಿಕೊಡಬೇಕು, ಬಿಲ್ಲು ಕೊಟ್ಟಿದ್ದೀರಲ್ಲ!

ಮೂಲೆಯ ಮಾತು ಬಂದದ್ದಕ್ಕೆ ಹೇಳಬೇಕು. ಇಳಿಜಾರು ಚಪ್ಪಡಿ ಮೇಲಿನ ಕಟ್ಟೆಗೆ ಸೇರುವ ತಿರುವಿನಲ್ಲಿ ತಳದ ಕಂಬಿಯನ್ನು ಹಾಗೇ ಬಗ್ಗಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ನೋಡಲು ಅಚ್ಚುಕಟ್ಟು. ಆದರೆ ಭಾರ ಬಿದ್ದಾಗ ಬಗ್ಗಿದ ಕಂಬಿ ನೆಟ್ಟಗಾಗಲು ನೋಡುತ್ತದೆ. ಆ ಕಡೆ ಇರುವುದು ಒಂದಿಂಚು ಕಾಂಕ್ರೀಟ್ ಮಾತ್ರ. ಅದನ್ನು ಸಿಡಿಸಿ ಹೊರಬರುತ್ತದೆ. ಅಲ್ಲಿ ಕಂಬಿ ಬಗ್ಗಬಾರದು. ಕೆಳಗಿನಿಂದ ಬಂದದ್ದು ನೇರವಾಗಿ ಕಟ್ಟೆಯ ಮೇಲ್ಮೈಗೆ ಹೋಗಿ ಮಲಗಬೇಕು, ಕಟ್ಟೆಯ ತಳದ ಕಂಬಿ ನೇರವಾಗಿ ಇಳಿಜಾರಿನ ಮೇಲ್ಮೈಗೆ ಬರಬೇಕು. ಎರಡೂ ಕತ್ತರಿಯ ಹಾಗೆ ಅಡ್ಡಹಾಯಬೇಕು. ತಿಳಿದ ಬಾರ್ ಬೆಂಡರ್‌ಗೆ ಇದು ಗೊತ್ತು. ಆದರೆ ಮೆಟ್ಟಿಲಿಗೆ ಬಾರ್ ಬೆಂಡರ್‌ನನ್ನು ಕರೆಸುವವರು ಯಾರು? ಗೌಂಡಿಯೇ ಬೈಂಡಿಂಗ್ ವೈರ್ ಸುತ್ತಿ ಮುಗಿಸುತ್ತಾನೆ. ಅವನನ್ನು ಬೈದು ಫಲವಿಲ್ಲ. ಒಂದು ದಿನದ ಕೂಲಿಗೆ ಎರಡು ದಿನದ ಕೆಲಸ ಕೇಳುವವರು ನಾವೇ.

ಇನ್ನು ಕವರ್ ವಿಷಯ. ಕಂಬಿಯನ್ನು ಕಾಯುವುದು ಅದರ ಸುತ್ತಲಿನ ಕಾಂಕ್ರೀಟ್. ಸಿಮೆಂಟಿನ ಕ್ಷಾರದಲ್ಲಿ ಕಬ್ಬಿಣ ತುಕ್ಕು ಹಿಡಿಯದೆ ಇರುತ್ತದೆ. ಆ ಹೊದಿಕೆ ತೆಳುವಾದರೆ ನೀರು ಗಾಳಿ ಒಳಹೊಕ್ಕು ತುಕ್ಕು ಶುರು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು; ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ಕಾಂಕ್ರೀಟ್ ಕೆಲಸಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಐ.ಎಸ್. 456 ಎಂಬ ಭಾರತೀಯ ಮಾನಕ ಇದೆ, 2000ನೇ ಇಸವಿಯ ಆವೃತ್ತಿ. ಮಳೆಗೆ ಒಡ್ಡಿದ ಕೆಲಸಕ್ಕೆ ಕನಿಷ್ಠ 30 ಮಿ.ಮೀ. ಕವರ್, ಮಣ್ಣಿನೊಳಗಿನ ಪಾಯಕ್ಕೆ 50 ಮಿ.ಮೀ. ಎಂದು ಅದು ಹೇಳುತ್ತದೆ. ಕಾಂಕ್ರೀಟ್ ಎಂ-25 ದರ್ಜೆಯದಿರಬೇಕು, ಒಂದು ಚೀಲ ಸಿಮೆಂಟಿಗೆ ನೀರು 25 ಲೀಟರ್ ಮೀರಬಾರದು. ನಮ್ಮಲ್ಲಿ? ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ಸಿಗಿಸುತ್ತಾರೆ, ಇಲ್ಲವೇ ಕಾಂಕ್ರೀಟ್ ಹಾಕುತ್ತಾ ಕೊಕ್ಕೆಯಿಂದ ಬಲೆಯನ್ನು "ಮೇಲಕ್ಕೆ ಎಳ್ಕೊಂತೀವಿ ಬಿಡ್ರಿ" ಎನ್ನುತ್ತಾರೆ. ಎಳೆದದ್ದು ಕಾಲಿಟ್ಟ ಕೂಡಲೇ ಕೆಳಗೆ. ನೀರನ್ನಂತೂ ಅಂಬಲಿ ಹದಕ್ಕೆ ಬರುವ ತನಕ ಬಕೇಟಿನಲ್ಲಿ ಹೊಯ್ಯುತ್ತಾರೆ. ಸಲೀಸಾಗಿ ಹರಿಯುತ್ತದೆ, ಸಲೀಸಾಗಿಯೇ ಒಡೆಯುತ್ತದೆ.

ನೀರಿನ ಗುಣವನ್ನು ಕೇಳುವವರೇ ಇಲ್ಲ. ಬೋರಿನ ನೀರು ಉಪ್ಪುಪ್ಪಾಗಿದ್ದರೆ ಕುಡಿಯಲು ಬೇಡ ಎನ್ನುತ್ತೇವೆ, ಅದನ್ನೇ ಕಾಂಕ್ರೀಟಿಗೆ ಕುಡಿಸುತ್ತೇವೆ. ಅದೇ ಐ.ಎಸ್. 456ರ ಪ್ರಕಾರ ಕಂಬಿ ಇಲ್ಲದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 2000 ಮಿಲಿಗ್ರಾಂ ತನಕ ಕ್ಲೋರೈಡ್ ಇರಬಹುದು. ಕಂಬಿ ಇದ್ದರೆ 500 ಮಾತ್ರ. ಕ್ಲೋರೈಡು ಕಬ್ಬಿಣದ ಶತ್ರು. ಅಂದರೆ ಕೆಟ್ಟ ನೀರಿನಲ್ಲಿ ಕಲಸುವುದಾದರೆ ಕಬ್ಬಿಣ ಹಾಕಿದ ಮೆಟ್ಟಿಲಿಗಿಂತ ಹಾಕದ ಮೆಟ್ಟಿಲೇ ಹೆಚ್ಚು ಬಾಳೀತು! 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಿಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇರುವ ಊರು ನಮ್ಮದು. ನೀರು ಪರೀಕ್ಷೆ ಮಾಡಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಕ್ಯೂರಿಂಗ್ ಬಗ್ಗೆ ಹೆಚ್ಚು ಬೇಡ. ಬಿರು ಬೇಸಿಗೆಯಲ್ಲಿ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಒದ್ದೆ ಗೋಣಿಚೀಲ ಹೊದಿಸಿಡಿ. ಗೃಹಪ್ರವೇಶಕ್ಕೆ ಮೂರೇ ದಿನ ಇದ್ದರೆ ಹಲಗೆ ಇಟ್ಟು ನೆಂಟರನ್ನು ಹತ್ತಿಸಿ, ಮೆಟ್ಟಿಲು ಆಮೇಲೆ ಕಟ್ಟಿಸಿ.

ಇದೆಲ್ಲ ಸಣ್ಣ ವಿಷಯ, ಸಂಪಾದಕೀಯಕ್ಕೆ ತಕ್ಕದ್ದೇ ಎನ್ನುವವರಿದ್ದಾರೆ. ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯ ಮನೆಯವರನ್ನು ಕೇಳಿ, ಸಣ್ಣದೋ ದೊಡ್ಡದೋ ಹೇಳುತ್ತಾರೆ. ಒಂದು ಮೆಟ್ಟಿಲು ಒಂದಿಂಚು ಕೂತರೆ ಮೇಲಿನದು ಏಳು ಇಂಚು, ಕೆಳಗಿನದು ಐದು ಇಂಚು ಆಗುತ್ತದೆ. ಕಾಲಿಗೆ ಕಣ್ಣಿಲ್ಲ, ಅದು ಹಿಂದಿನ ಮೆಟ್ಟಿಲಿನ ಲೆಕ್ಕದಲ್ಲೇ ಮುಂದಿನದಕ್ಕೆ ಇಳಿಯುತ್ತದೆ. ಬೆಳಗಿನ ಜಾವ ಹೂ ಕೊಯ್ಯಲು ತೋಟಕ್ಕೆ ಇಳಿಯುವವರು ಮನೆಯ ಹಿರಿಯರೇ. ಅದರ ಮೇಲೆ ಪಾಲಿಶ್ ಗ್ರಾನೈಟ್ ಹಾಸಿ ನೀರು ಚೆಲ್ಲಿದರೆ ಕೇಳಬೇಕೇ? ಮನೆಯ ಮೆಟ್ಟಿಲು 19 ಸೆಂ.ಮೀ.ಗಿಂತ ಎತ್ತರ, 25 ಸೆಂ.ಮೀ.ಗಿಂತ ಕಿರಿದು ಇರಕೂಡದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬಯಲಿನ ಮೆಟ್ಟಿಲಿಗೆ ಆರು ಇಂಚು ಎತ್ತರ, ಹನ್ನೆರಡು ಇಂಚು ಅಗಲ ಹಿತ. ನೀರು ನಿಲ್ಲದಂತೆ ಮುಂದಕ್ಕೆ ಕಾಲಿಂಚು ಇಳಿಜಾರು ಕೊಟ್ಟು, ಮೈ ಒರಟಾಗಿ ಬಿಡಿ.

ತೋಟವೇ ಇಲ್ಲದ ಹಳೆ ಪೇಟೆಗಳ ಪಾಡು ಇನ್ನೊಂದು ಬಗೆ. ಅಲ್ಲಿ ಮನೆಯ ಮೆಟ್ಟಿಲು ಇಳಿಯುವುದೇ ಚರಂಡಿಯ ಮೇಲೆ. ಸಾರ್ವಜನಿಕ ಚರಂಡಿಯ ಮೇಲೆ ಕಾಂಕ್ರೀಟ್ ಸುರಿದು ಶಾಶ್ವತವಾಗಿ ಮುಚ್ಚುವುದು ಒತ್ತುವರಿಯೇ, ಅದರಲ್ಲಿ ಎರಡು ಮಾತಿಲ್ಲ. ಮಳೆ ಬಂದು ನೀರು ಮನೆಗೆ ನುಗ್ಗಿದಾಗ ಜೆ.ಸಿ.ಬಿ. ಬರುತ್ತದೆ, ಮೆಟ್ಟಿಲು ಒಡೆಯುತ್ತದೆ, ಜಗಳ ಆಗುತ್ತದೆ, ಮರುವಾರ ಮತ್ತೆ ಕಾಂಕ್ರೀಟ್. ದಾವಣಗೆರೆ ಮಹಾನಗರ ಪಾಲಿಕೆಯೂ ಹರಿಹರ ನಗರಸಭೆಯೂ ಇದಕ್ಕೊಂದು ದಾರಿ ತೋರಬೇಕು. ಎರಡು ಅಡಿ ಅಗಲ, ಎರಡೂವರೆ ಅಡಿ ಉದ್ದ, ಮೂರು ಇಂಚು ದಪ್ಪದ ಕಂಬಿ ಹಾಕಿದ ಹಲಗೆಗಳನ್ನು ಅಚ್ಚಿನಲ್ಲಿ ಎರೆದು ಜನರಿಗೆ ಅಸಲು ಬೆಲೆಗೆ ಒದಗಿಸಲಿ. ಒಂದೊಂದು ಸುಮಾರು 90 ಕಿಲೋ ತೂಗುತ್ತದೆ. ಹಾರೆ ಹಾಕಿ ಇಬ್ಬರು ಎತ್ತಬಹುದು, ಹೂಳು ತೆಗೆದು ಮತ್ತೆ ಮುಚ್ಚಬಹುದು. ಒಂದೇ ಎಚ್ಚರಿಕೆ ಎಂದರೆ, ಕಂಬಿ ಇರುವ ಬದಿ ಕೆಳಗೆ ಬರಬೇಕು. ತಲೆಕೆಳಗಾಗಿ ಹಾಸಿದರೆ ಕಾಂಕ್ರೀಟ್ ಮಾತ್ರ ಹಾಸಿದಂತೆ, ಸ್ಕೂಟರ್ ಹತ್ತಿದ ಕೂಡಲೇ ಎರಡು ತುಂಡು. ಹಸಿ ಇರುವಾಗಲೇ ಕರಣೆಯ ತುದಿಯಿಂದ ದೊಡ್ಡದಾಗಿ "ಮೇಲೆ" ಎಂದು ಕೊರೆದಿಟ್ಟರೆ ಓದಲು ಬಂದವರೆಲ್ಲ ಸರಿಯಾಗಿ ಹಾಸುತ್ತಾರೆ.

ಪರವಾನಗಿಗೆ ಬರುವ ಮನೆಯ ನಕ್ಷೆಯ ಜೊತೆ ಹೊರಗಿನ ಮೆಟ್ಟಿಲಿನ ಬುಡ, ಕಂಬಿ, ಸಂದು ತೋರಿಸುವ ಒಂದು ಚಿತ್ರ ಇರಲೇಬೇಕೆಂದು ಪಾಲಿಕೆ ಒಂದು ಸಾಲು ಸೇರಿಸಿದರೆ ಅದಕ್ಕೆ ಖರ್ಚೇನೂ ಇಲ್ಲ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆಗಳ ಉದ್ಯಾನಗಳಲ್ಲಿ ಮೆಟ್ಟಿಲು ಕಟ್ಟಿಸುವಾಗ ಮೊದಲು ತಾನೇ ಇದನ್ನು ಪಾಲಿಸಿ ತೋರಿಸಲಿ. ಮಕ್ಕಳೂ ಮುದುಕರೂ ಹತ್ತಿ ಇಳಿಯುವ ಜಾಗ ಅದು.

ಮನೆ ಕಟ್ಟಿಸುತ್ತಿರುವವರು ಕಾಂಕ್ರೀಟ್ ಸುರಿಯುವ ಮುಂಚೆ ಟೇಪು ಹಿಡಿದು ಒಮ್ಮೆ ಅಳೆಯಿರಿ, ಮೊಬೈಲಿನಲ್ಲಿ ಕಂಬಿಯ ಫೋಟೋ ತೆಗೆದು ಎಂಜಿನಿಯರಿಗೆ ಕಳಿಸಿ, "ಆಗಬಹುದು" ಅಂತ ಅವರ ಕೈಲಿ ಬರೆಸಿಕೊಂಡ ಮೇಲೆಯೇ ಮಿಕ್ಸರ್ ಚಾಲೂ ಮಾಡಿಸಿ. ಈಗಾಗಲೇ ಬಿರುಕು ಬಿಟ್ಟಿರುವವರು ದೀಪಾವಳಿಗೆ ಬಣ್ಣ ಬಳಿಸುವಾಗ ಸಂದಿಗೆ ಸಿಮೆಂಟ್ ಮೆತ್ತಬೇಡಿ. ಎರಡೂ ಬದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಅಳೆಯಿರಿ. ಬೇಸಿಗೆಗೆ ಅಗಲವಾಗಿ ಮಳೆಗಾಲಕ್ಕೆ ಮುಚ್ಚಿಕೊಳ್ಳುತ್ತಿದ್ದರೆ ಅದು ಮಣ್ಣಿನ ಆಟ. ಡಾಂಬರು ತುಂಬಿ, ತೋಟದ ನೀರನ್ನು ಮೆಟ್ಟಿಲಿನಿಂದ ದೂರ ಹರಿಸಿದರೆ ಸುಧಾರಿಸೀತು. ಎರಡೂ ಕಾಲಕ್ಕೆ ಅಗಲವಾಗುತ್ತಲೇ ಹೋಗುತ್ತಿದ್ದರೆ, ತುಕ್ಕಿನ ಕೆಂಪು ಕಲೆ ಇಳಿಯುತ್ತಿದ್ದರೆ, ಆ ಮೆಟ್ಟಿಲನ್ನು ಒಡೆಸಿ ಬುಡದಿಂದ ಹೊಸದಾಗಿ ಕಟ್ಟಿಸಿ.